ಕೆನ್ನೆಗೆ ಉಳಿಯೇಟು, ನೆತ್ತಿಗೆ ಎರಡು ತೂತು

1898ರಲ್ಲಿ, ಇಂದಿನ ತಮಿಳುನಾಡಿನಲ್ಲಿರುವ ಅಂದಿನ ಪುದುಕೋಟೆ ಸಂಸ್ಥಾನದ ಕರುಕ್ಕಾಕುರಿಚಿ ಎಂಬ ಹಳ್ಳಿಯ ನೆಲದೊಳಗಿಂದ 501 ಚಿನ್ನದ ನಾಣ್ಯಗಳು ಮೇಲೆ ಬಂದವು. ಎಲ್ಲವೂ ರೋಮಿನವು. ಆಗಸ್ಟಸ್ ದೊರೆಯಿಂದ ಹಿಡಿದು ವೆಸ್ಪೇಸಿಯನ್‌ವರೆಗೆ ಸುಮಾರು ನೂರು ವರ್ಷದ ರಾಜಮುಖಗಳು ಅವುಗಳ ಮೇಲಿದ್ದವು. ನಿಧಿ ಸಿಕ್ಕಿತೆಂಬ ಸುದ್ದಿ ದಕ್ಷಿಣದವರಿಗೆ ಹೊಸದೇನಲ್ಲ. ಅದಕ್ಕೂ ಅರ್ಧ ಶತಮಾನ ಮೊದಲು, 1847ರಲ್ಲಿ, ಕಣ್ಣೂರಿನ ಹತ್ತಿರದ ಕೋಟ್ಟಯಂನಲ್ಲಿ ಸಿಕ್ಕ ರೋಮನ್ ಚಿನ್ನ ಐದು ಕೂಲಿಯಾಳು ಹೊರುವಷ್ಟಿತ್ತು ಎನ್ನುತ್ತಾರೆ. ಪುದುಕೋಟೆಯ ನಿಧಿ ಪಂಡಿತರ ತಲೆಗೆ ಹುಳ ಬಿಟ್ಟದ್ದು ಬೇರೆ ಕಾರಣಕ್ಕೆ. ಬಹುಪಾಲು ನಾಣ್ಯಗಳ ಮೇಲೆ ಉಳಿಯ ಏಟು ಬಿದ್ದಿತ್ತು. ಅದೂ ಎಲ್ಲೆಂದರಲ್ಲಿ ಬಿದ್ದದ್ದಲ್ಲ. ದೊರೆಯ ತಲೆಯ ನಡುವಿಗೇ ಗುರಿಯಿಟ್ಟು, ಕೆನ್ನೆಗೆ ಅಡ್ಡಲಾಗಿ ಬೇಕೆಂದೇ ಕೊರೆದ ಗೀರು.

ಯಾರು ಹೊಡೆದರು, ಯಾಕೆ ಹೊಡೆದರು? ಆ ಪ್ರಶ್ನೆಗೆ ಬರೋಣ. ಅದಕ್ಕೆ ಮೊದಲು, ಅಷ್ಟು ದೂರದಿಂದ ಹಡಗು ಹತ್ತಿ ಬಂದ ಆ ಮುಖಕ್ಕೆ ತನ್ನ ಊರಲ್ಲಿ ಎಂಥ ಮರ್ಯಾದೆಯಿತ್ತು ಎನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಏಟಿನ ತೂಕ ತಿಳಿಯುವುದಿಲ್ಲ.

ರೋಮಿನ ಚಿನ್ನದ ನಾಣ್ಯಕ್ಕೆ ಔರಿಯಸ್ ಎಂದು ಹೆಸರು. ಔರಂ ಎಂದರೆ ಲ್ಯಾಟಿನ್‌ನಲ್ಲಿ ಚಿನ್ನ. ನಮ್ಮಲ್ಲಿ ಹೊನ್ನು ಎಂದರೆ ಲೋಹವೂ ಹೌದು, ನಾಣ್ಯವೂ ಹೌದು ಎಂಬ ಹಾಗೆಯೇ ಇದೂ. ಅಗಲದಲ್ಲಿ ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದು. ಆದರೆ ದಪ್ಪ, ಕೈಗೆ ಭಾರ. ಆಗಸ್ಟಸ್‌ನ ಕಾಲದ ಔರಿಯಸ್ ಹೆಚ್ಚುಕಡಿಮೆ ಎಂಟು ಗ್ರಾಂ ತೂಗುತ್ತಿತ್ತು. ಮಂಗಳೂರಿನ ಕಡೆಯ ಮದುವೆ ಮನೆಗಳಲ್ಲಿ ಇಂದಿಗೂ ಎಣಿಸುವ ಒಂದು ಪವನಿನ ತೂಕವೂ ಅಷ್ಟೇ. ಚಿನ್ನವಂತೂ ಅಪರಂಜಿಯೇ ಸರಿ. ಒಂದು ಔರಿಯಸ್‌ಗೆ 25 ಬೆಳ್ಳಿಯ ದೀನಾರಿಯಸ್, ಅಥವಾ 100 ಸೆಸ್ಟರ್ಸ್. ಸಾಮಾನ್ಯ ಕಾಲಾಳಿಗೆ ಆಗಸ್ಟಸ್ ಕೊಡುತ್ತಿದ್ದ ವರ್ಷದ ಸಂಬಳ 225 ದೀನಾರಿಯಸ್. ಚಿನ್ನಕ್ಕೆ ಬದಲಿಸಿದರೆ ಒಂಬತ್ತು ಔರಿಯಸ್. ಮೂರು ಕಂತು, ಕಂತಿಗೆ ಮೂರು. ತರಕಾರಿ ಅಂಗಡಿಯಲ್ಲಿ ಇದಕ್ಕೆ ಚಿಲ್ಲರೆ ಹುಟ್ಟುತ್ತಿರಲಿಲ್ಲ. ಸೇನಾಧಿಪತಿಗಳು, ತೆರಿಗೆ ಗುತ್ತಿಗೆದಾರರು, ಸಾಗರದಾಚೆಯ ವ್ಯಾಪಾರಿಗಳು ಮುಟ್ಟುತ್ತಿದ್ದ ಹಣ ಇದು. ಅಂದರೆ ಯಾರ ನಿಷ್ಠೆ ಅಲುಗಿದರೆ ಸಿಂಹಾಸನವೂ ಅಲುಗುತ್ತದೋ ಅಂಥವರ ಕೈಗೆ ಹೋಗುವ ಹಣ. ಅದರ ಮೇಲೆ ಏನು ಕೆತ್ತಬೇಕೆಂಬುದನ್ನು ಅರಮನೆ ಹಗುರವಾಗಿ ತೆಗೆದುಕೊಂಡಿರಲಾರದು.

ಕೆತ್ತುತ್ತಿದ್ದವರು ಕೈಕೆಲಸದವರು. ಕಂಚು ಅಥವಾ ಕಬ್ಬಿಣದ ಮೊಳೆಯ ತುದಿಗೆ ಚಿತ್ರವನ್ನು ತಿರುಗುಮುರುಗಾಗಿ, ಒಳಕ್ಕೆ ತಗ್ಗಾಗಿ ಕೊರೆಯಬೇಕು. ಒಂದು ಅಚ್ಚನ್ನು ಅಡಿಗಲ್ಲಿನಲ್ಲಿ ಹುದುಗಿಸಿ, ಅದರ ಮೇಲೆ ತೂಗಿ ನೋಡಿದ ಚಿನ್ನದ ಬಿಲ್ಲೆಯಿಟ್ಟು, ಮೇಲೊಂದು ಅಚ್ಚು ಹಿಡಿದು ಸುತ್ತಿಗೆಯಿಂದ ಬಡಿದರೆ ಒಂದು ನಾಣ್ಯ. ಪ್ರತಿ ನಾಣ್ಯಕ್ಕೂ ಏಟು ಬೇರೆ, ಹಾಗಾಗಿ ಒಂದರಲ್ಲಿ ದೊರೆಯ ಮೂಗು ಅಂಚಿಗೆ ತಾಗುತ್ತದೆ, ಇನ್ನೊಂದರಲ್ಲಿ ಅಕ್ಷರ ಅರ್ಧ ಹೊರಗೆ ಹೋಗುತ್ತದೆ. ಸುತ್ತಲೂ ಬರಹ. ನಮ್ಮ ಚಾಲುಕ್ಯರ ಶಾಸನ ತೆರೆದರೆ ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ ಎಂದು ಬಿರುದಾವಳಿ ಉದ್ದಕ್ಕೆ ಹರಿಯುತ್ತದಲ್ಲ, ಅದನ್ನೇ ಬೆರಳುಗುರಿನ ಅಂಚಿನಲ್ಲಿ ತುರುಕಬೇಕಾದರೆ ಏನು ಮಾಡುವುದು? ರೋಮನ್ನರು ಮೊಟಕುಗೊಳಿಸಿದರು. ಇಂಪರೇಟರ್ ‘ಇಂಪ್’ ಆಯಿತು, ಪಾಂಟಿಫೆಕ್ಸ್ ಮ್ಯಾಕ್ಸಿಮಸ್ ಎಂಬ ಪ್ರಧಾನ ಪುರೋಹಿತ ಪದವಿ ‘ಪಿ ಎಂ’ ಆಯಿತು. ನಾಣ್ಯಶಾಸ್ತ್ರದ ವಿದ್ಯಾರ್ಥಿಗಳು ಮೊದಲ ತಿಂಗಳು ಪಾಡುಪಡುವುದು ಈ ಮೊಟಕುಗಳ ಜೊತೆಗೇ.

ಬದುಕಿರುವ ಮನುಷ್ಯನ ಮುಖವನ್ನು ನಾಣ್ಯದ ಮೇಲೆ ಹಾಕುವುದನ್ನು ಗಣರಾಜ್ಯದ ಕಾಲದ ರೋಮ್ ಒಪ್ಪುತ್ತಿರಲಿಲ್ಲ. ದೇವರ ಮುಖ ಸರಿ, ಸತ್ತ ಪೂರ್ವಿಕರದು ಸರಿ. ಇದ್ದವನ ಮುಖ ಹಾಕಿದರೆ ಅವನು ರಾಜನಾಗಲು ಹೊರಟ ಎಂದೇ ಅರ್ಥ. ಕ್ರಿ.ಪೂ. 44ರ ಆರಂಭದಲ್ಲಿ ಜೂಲಿಯಸ್ ಸೀಸರ್‌ನ ಮುಖ ಬೆಳ್ಳಿಯ ಮೇಲೆ ಬಂತು. ಅದೇ ವರ್ಷ ಮಾರ್ಚ್ 15ಕ್ಕೆ ಅವನನ್ನು ಇರಿದು ಕೊಂದರು. ಕೊಂದವರ ಮುಂದಾಳು ಬ್ರೂಟಸ್ ಎರಡು ವರ್ಷದ ನಂತರ ಗ್ರೀಸ್ ಕಡೆ ಸೈನ್ಯ ಕಟ್ಟುತ್ತಿದ್ದಾಗ ತನ್ನದೇ ನಾಣ್ಯ ಹೊರಡಿಸಿದ. ಹಿಂಬದಿಯಲ್ಲಿ ಎರಡು ಕಠಾರಿ, ನಡುವೆ ಗುಲಾಮಗಿರಿಯಿಂದ ಬಿಡುಗಡೆಯಾದವರು ತೊಡುವ ಟೋಪಿ, ಕೆಳಗೆ ‘ಐಡ್ ಮಾರ್’, ಅಂದರೆ ಮಾರ್ಚ್ ತಿಂಗಳ ನಡುದಿನ. ಒಂದು ಕೊಲೆಯ ತಾರೀಖನ್ನು ಇಷ್ಟು ಹೆಮ್ಮೆಯಿಂದ ಅಚ್ಚೊತ್ತಿದ ಹಣ ಇನ್ನೊಂದಿರಲಾರದು. ಎರಡು ಕಠಾರಿಗಳ ಹಿಡಿಗಳೂ ಬೇರೆ ಬೇರೆ. ಒಂದು ಬ್ರೂಟಸ್‌ನದು, ಇನ್ನೊಂದು ಅವನ ಜೊತೆಗಾರ ಕ್ಯಾಸಿಯಸ್‌ನದು ಎಂದು ಓದುತ್ತಾರೆ. ನಾಣ್ಯ ತಿರುಗಿಸಿದರೆ ಮುಂಬದಿಯಲ್ಲಿ ಯಾರ ಮುಖ? ಬ್ರೂಟಸ್‌ನದೇ. ಮುಖ ಹಾಕಿಸಿಕೊಂಡವನನ್ನು ಕೊಂದವನೂ ಕೊನೆಗೆ ಮುಖ ಹಾಕಿಸಿಕೊಂಡ.

ಚಿನ್ನದಲ್ಲಿ ಈ ನಾಣ್ಯ ಲೋಕದಲ್ಲಿ ಮೂರೇ ಮೂರು ಗೊತ್ತಿವೆ. ಅದರಲ್ಲೊಂದು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ ಮೂವತ್ತು ಲಕ್ಷ ಪೌಂಡಿಗೂ ಮೀರಿ ಹೋಯಿತು. ಆಮೇಲೆ ಅದರ ಹಿಂದಿನ ಒಡೆತನದ ಕಾಗದಪತ್ರ ಸುಳ್ಳೆಂದು ಬಯಲಾಗಿ 2023ರಲ್ಲಿ ಗ್ರೀಸಿಗೆ ಮರಳಿತು. ಬ್ರಿಟಿಷ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಇನ್ನೊಂದಕ್ಕೆ ಒಂದು ತೂತಿದೆ. ಆ ಕಾಲದಲ್ಲೇ ಬ್ರೂಟಸ್‌ನ ಕಡೆಯವರು ಯಾರೋ ಕೊರಳಿಗೆ ಕಟ್ಟಿಕೊಂಡಿರಬೇಕು ಎಂಬ ಊಹೆಯಿದೆ. ಈ ತೂತನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಸೀಸರ್‌ನ ಕೊಲೆಯ ನಂತರದ ಕಾದಾಟದಲ್ಲಿ ಕೊನೆಗೆ ಗೆದ್ದವನು ಆಗಸ್ಟಸ್. ಮುಖದ ಪಾಠವನ್ನು ಅವನಷ್ಟು ಚೆನ್ನಾಗಿ ಕಲಿತವರಿಲ್ಲ. ಕ್ರಿ.ಶ. 14ರಲ್ಲಿ ಸಾಯುವಾಗ ಅವನಿಗೆ ಎಪ್ಪತ್ತೈದು ವರ್ಷ. ನಾಣ್ಯದ ಮೇಲೆ ಮಾತ್ರ ಒಂದು ಸುಕ್ಕೂ ಬೀಳದೆ ಹರೆಯದವನಾಗಿಯೇ ಉಳಿದ. ಹಿಂಬದಿಯ ಚಿತ್ರಗಳೂ ಬಲು ಜಾಣತನದವು. ಈಜಿಪ್ಟ್ ಗೆದ್ದಾಗ ಒಂದು ಮೊಸಳೆ, ‘ಈಜಿಪ್ಟ್ ವಶವಾಯಿತು’ ಎಂಬ ಬರಹ, ಅಷ್ಟೇ. ಅವನ ಕೊನೆಗಾಲದ ಒಂದು ಬಗೆ ನಮಗೆ ಮುಖ್ಯ: ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ಇಬ್ಬರೂ ಗುರಾಣಿ, ಭರ್ಜಿಗಳ ಜೊತೆ ನಿಂತಿರುವುದು. ಮುಂದೆ ಆಳುವವರು ಇವರು ಎಂಬ ಸಾರುವಿಕೆ. ಇಬ್ಬರೂ ಅಜ್ಜನಿಗಿಂತ ಮೊದಲೇ ತೀರಿಕೊಂಡರು. ಆದರೆ ಅವರಿಬ್ಬರನ್ನು ಹೊತ್ತ ನಾಣ್ಯಗಳು ರಾಶಿರಾಶಿಯಾಗಿ ಭಾರತಕ್ಕೆ ಬಂದವು. ಪಟ್ಟಕ್ಕೆ ಬಾರದ ಆ ಹುಡುಗರು ಹೆಚ್ಚಾಗಿ ಓಡಾಡಿದ್ದು ಅವರ ಹೆಸರೇ ಗೊತ್ತಿಲ್ಲದ ನಮ್ಮ ನೆಲದಲ್ಲಿ.

ಕ್ಲಾಡಿಯಸ್‌ನ ಒಂದು ನಾಣ್ಯ ನನಗೆ ತುಂಬ ಇಷ್ಟ, ಅದರ ನಾಚಿಕೆಗೇಡಿತನಕ್ಕೆ. ಕ್ರಿ.ಶ. 41ರಲ್ಲಿ ದೊರೆ ಕಲಿಗುಲನನ್ನು ಕೊಂದಾಗ ಅವನ ಚಿಕ್ಕಪ್ಪ ಕ್ಲಾಡಿಯಸ್ ಪರದೆಯ ಹಿಂದೆ ಅಡಗಿದ್ದನಂತೆ. ಕಾವಲುಪಡೆಯವನೊಬ್ಬ ಕಾಲು ಕಂಡು ಹೊರಗೆಳೆದ. ಅರಮನೆಯ ಪಡೆ ಅವನನ್ನು ತನ್ನ ಪಾಳೆಯಕ್ಕೆ ಹೊತ್ತೊಯ್ದು ದೊರೆಯೆಂದು ಕೂಗಿತು. ಪ್ರತಿಯಾಗಿ ತಲಾ 15,000 ಸೆಸ್ಟರ್ಸ್ ಕೊಟ್ಟ ಎಂದು ಸೂಟೋನಿಯಸ್ ಬರೆಯುತ್ತಾನೆ. ಅಂದರೆ 150 ಔರಿಯಸ್. ಗಡಿಯಲ್ಲಿದ್ದ ಕಾಲಾಳಿನ ಹದಿನಾರು ವರ್ಷದ ಸಂಬಳ! ಇದನ್ನು ಮುಚ್ಚಿಡುವುದು ಬಿಟ್ಟು ಕ್ಲಾಡಿಯಸ್ ಚಿನ್ನದ ಮೇಲೆಯೇ ಕೆತ್ತಿಸಿದ: ಪಡೆಯ ಪಾಳೆಯದ ಕೋಟೆಗೋಡೆ, ಒಳಗೆ ನಿಂತ ಸೈನಿಕ, ‘ದೊರೆಯನ್ನು ಬರಮಾಡಿಕೊಂಡದ್ದು’ ಎಂಬ ಬರಹ. ಇನ್ನೊಂದರಲ್ಲಿ ದೊರೆಯೂ ಸೈನಿಕನೂ ಕೈಕುಲುಕುತ್ತಾರೆ. ಕೊಟ್ಟ ಲಂಚಕ್ಕೆ ರಸೀದಿಯನ್ನೂ ಲಂಚದ ಹಣದ ಮೇಲೆಯೇ ಬರೆದಂತಾಯಿತು.

ನೀರೋನ ಕಥೆಯನ್ನು ಇತಿಹಾಸದ ಪುಸ್ತಕವಿಲ್ಲದೆ ಬರೀ ನಾಣ್ಯ ಜೋಡಿಸಿಕೊಂಡೇ ಹೇಳಬಹುದು. 54ರಲ್ಲಿ ಹದಿಹರೆಯದ ಹುಡುಗ ಪಟ್ಟಕ್ಕೆ ಬಂದ. ಮೊದಲ ನಾಣ್ಯದಲ್ಲಿ ಅವನೂ ತಾಯಿ ಅಗ್ರಿಪ್ಪಿನಳೂ ಎದುರುಬದುರು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಮುಂಬದಿಯ ಸುತ್ತಲಿನ ಬಿರುದು ಮಗನದಲ್ಲ, ತಾಯಿಯದು. ಮಗನ ಹೆಸರು ಹಿಂಬದಿಗೆ ಹೋಗಿದೆ. 55ರ ನಾಣ್ಯದಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಾರೆ, ಮಗ ಮುಂದೆ, ತಾಯಿ ಹಿಂದೆ, ಬಿರುದುಗಳೂ ಅದಲುಬದಲಾಗಿವೆ. ಆಮೇಲೆ ನೀರೋ ಒಬ್ಬನೇ. 59ರಲ್ಲಿ ಮಗನೇ ತಾಯಿಯನ್ನು ಕೊಲ್ಲಿಸಿದ. ಮುಂದಿನ ನಾಣ್ಯಗಳಲ್ಲಿ ಅವನ ಕತ್ತು ಊದುತ್ತಾ ಹೋಗುತ್ತದೆ, ಗದ್ದ ಎರಡಾಗುತ್ತದೆ, ಹಣೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬಾಚಿದ ಕೂದಲು ಏರುತ್ತದೆ. 64ರ ಹೊತ್ತಿಗೆ ಮುಖ ದಪ್ಪಗಾದಷ್ಟೂ ನಾಣ್ಯ ತೆಳ್ಳಗಾಯಿತು: ಒಂದು ರೋಮನ್ ಪೌಂಡ್ ಚಿನ್ನದಿಂದ ಮೊದಲು ನಲವತ್ತರ ಆಸುಪಾಸು ನಾಣ್ಯ ತೆಗೆಯುತ್ತಿದ್ದರೆ ಈಗ ನಲವತ್ತೈದು. ಬೆಳ್ಳಿಗೆ ತಾಮ್ರ ಬೆರೆಸಿದ. ಇದರ ಬಿಸಿ ಭಾರತಕ್ಕೂ ತಟ್ಟಿತು. ಇಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ನೀರೋನ ಈ ಕಡಿತಕ್ಕೆ ಮೊದಲಿನದೇ ಹೆಚ್ಚು. ಒರೆಗಲ್ಲು ಬಲ್ಲವರಿಗೆ ಮೋಸ ಮಾಡುವುದು ಸುಲಭವಲ್ಲ.

ಬೋಳುತಲೆ, ಗಿಡ್ಡ ಕತ್ತಿನ ವೆಸ್ಪೇಸಿಯನ್ ತನ್ನ ಹಳ್ಳಿಗ ಮುಖವನ್ನು ಇದ್ದಂತೆಯೇ ಕೆತ್ತಿಸಿಕೊಂಡ. ಹೇಡ್ರಿಯನ್ ತಾನು ಸುತ್ತಿದ ನಾಡುಗಳನ್ನೆಲ್ಲ ಹೆಣ್ಣುರೂಪದಲ್ಲಿ ಸಾಲಾಗಿ ಹಾಕಿಸಿದ. ಕಾಮೊಡಸ್ ಸಿಂಹದ ಚರ್ಮ ತಲೆಗೆ ಹೊದ್ದು ತಾನೇ ಹರ್ಕ್ಯುಲಿಸ್ ಎಂದ. ಈ ಮೆರವಣಿಗೆಯಲ್ಲಿ ಎದೆಗೆ ನಾಟುವುದು ಡೊಮಿಷಿಯನ್‌ನ ಒಂದು ಔರಿಯಸ್: ತೀರಿಹೋದ ಎಳೆಯ ಮಗ ಭೂಗೋಳದ ಮೇಲೆ ಬೆತ್ತಲೆ ಕೂತು, ಏಳು ನಕ್ಷತ್ರಗಳ ಕಡೆ ಕೈ ಚಾಚಿದ್ದಾನೆ. ಕ್ರೂರಿಯೆಂದು ಹೆಸರಾದ ದೊರೆಯ ಪುತ್ರಶೋಕ, ಒಂದು ಪವನು ಚಿನ್ನದಲ್ಲಿ.

ಸೆಪ್ಟಿಮಿಯಸ್ ಸೆವೆರಸ್‌ನ ಕುಟುಂಬಚಿತ್ರವೂ ಇದೆ. ರಾಣಿ ಜೂಲಿಯಾ ಡೊಮ್ನಾ ನಡುವೆ ನೇರವಾಗಿ ನಮ್ಮ ಕಡೆ ನೋಡುತ್ತಾಳೆ. ಎಡಬಲಗಳಲ್ಲಿ ಮಕ್ಕಳಾದ ಕ್ಯಾರಕ್ಯಾಲ, ಗೇಟಾ. ‘ಈ ಕಾಲದ ಸೌಭಾಗ್ಯ’ ಎಂದು ಬರೆದಿದೆ. ಹತ್ತು ವರ್ಷದೊಳಗೆ, 211ರಲ್ಲಿ, ಅಣ್ಣ ತಮ್ಮನನ್ನು ತಾಯಿಯ ಮಡಿಲಲ್ಲೇ ಕೊಲ್ಲಿಸಿದ. ಗೇಟಾನ ಹೆಸರನ್ನು ಕಲ್ಲಿನಿಂದ, ಚಿತ್ರಪಟಗಳಿಂದ ಅಳಿಸಲು ಆಜ್ಞೆಯಾಯಿತು. ಏಷ್ಯಾ ಮೈನರಿನ ಕೆಲವು ಊರುಗಳಲ್ಲಿ ಅಣ್ಣತಮ್ಮಂದಿರು ಎದುರುಬದುರಿದ್ದ ತಾಮ್ರದ ನಾಣ್ಯಗಳಿಂದ ಗೇಟಾನ ತಲೆಯನ್ನಷ್ಟೇ ಹೆರೆದು ತೆಗೆದರು. ಮುಖಕ್ಕೆ ಉಳಿ ಹಾಕುವ ವಿದ್ಯೆ ಪುದುಕೋಟೆಯವರಿಗೆ ಮಾತ್ರ ಗೊತ್ತಿದ್ದುದಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನು ಎಲಗಬಾಲಸ್. ಇವನ ನಾಣ್ಯದ ಮುಂದೆ ಕನ್ನಡಿಗರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು ನನ್ನ ನಂಬಿಕೆ. 218ರಲ್ಲಿ ಹದಿನಾಲ್ಕರ ಈ ಹುಡುಗ ದೊರೆಯಾದಾಗ ಸಿರಿಯಾದ ಎಮೆಸಾ ಎಂಬ ಊರಿನಲ್ಲಿ (ಇಂದಿನ ಹೋಮ್ಸ್) ಸೂರ್ಯದೇವನ ಪೂಜಾರಿಯಾಗಿದ್ದ. ಆ ದೇವರಿಗೆ ಕೈಕಾಲು ಮುಖ ಇಲ್ಲ. ಬುಡ ದುಂಡಗೆ, ತುದಿ ಚೂಪಾದ ಒಂದು ಕರಿಕಲ್ಲು. ಆಕಾಶದಿಂದ ಬಿದ್ದದ್ದೆಂದು ಭಕ್ತರ ನಂಬಿಕೆ. ಹುಡುಗ ದೇವರನ್ನೂ ಜೊತೆಗೆ ರೋಮಿಗೆ ತಂದ. ಅವನ ಔರಿಯಸ್‌ನಲ್ಲಿ ನಾಲ್ಕು ಕುದುರೆಯ ರಥ, ರಥದಲ್ಲಿ ಸಾರಥಿಯಿಲ್ಲ, ಯೋಧನಿಲ್ಲ, ಕಲ್ಲೊಂದೇ. ಕಲ್ಲಿನ ಮೇಲೆ ಗರುಡ. ಸುತ್ತಲೂ ನಾಲ್ಕು ಸತ್ತಿಗೆ! ರೋಮಿನ ಹಿರಿಯರಿಗೆ ಇದು ಅಪಚಾರದ ಪರಮಾವಧಿಯಾಗಿ ಕಂಡಿತು. ರಥಸಪ್ತಮಿಗೆ ತೇರು ನೋಡಿ ಬೆಳೆದವರಿಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಕಾಣಲಿಕ್ಕಿಲ್ಲ. ಉತ್ಸವದ ದಿನ ದೊರೆ ಲಗಾಮು ಹಿಡಿದು, ದೇವರಿಗೆ ಬೆನ್ನು ತೋರಿಸಬಾರದೆಂದು ಹಿಮ್ಮುಖವಾಗಿ ನಡೆಯುತ್ತಿದ್ದ, ಎಡವದಂತೆ ದಾರಿಯುದ್ದಕ್ಕೂ ಕಾವಲಿನವರು ಹಿಡಿದುಕೊಳ್ಳುತ್ತಿದ್ದರು ಎಂದು ಹೆರೋಡಿಯನ್ ಬರೆದಿದ್ದಾನೆ. 222ರಲ್ಲಿ ಹುಡುಗನನ್ನು ಕೊಂದರು, ಕಲ್ಲು ಎಮೆಸಾಕ್ಕೆ ವಾಪಸಾಯಿತು. ನಾಣ್ಯ ಉಳಿಯಿತು.

ಈಗ ಹಡಗು ಹತ್ತೋಣ.

ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹೀರಿಕೊಳ್ಳುತ್ತಿದೆ ಎಂದು ರೋಮಿನ ಬರಹಗಾರ ಪ್ಲಿನಿ ಗೊಣಗಿದ್ದು ಶಾಲೆಯ ಪುಸ್ತಕದಲ್ಲೂ ಇದೆ. ಚಿನ್ನದಲ್ಲಿ ಎಣಿಸಿದರೆ ಐದು ಲಕ್ಷ ಔರಿಯಸ್. ಎಲ್ಲವೂ ನಾಣ್ಯವಾಗಿಯೇ ಬಂತೆಂದೇನಲ್ಲ. ದ್ರಾಕ್ಷಾರಸ, ಹವಳ, ತಾಮ್ರ, ಗಾಜು ಕೂಡ ಬಂದವು. ಆದರೂ ಮಲಬಾರಿನ ಮುಚಿರಿ ಬಂದರಿಗೆ ಯವನರ ಹಡಗು ಹೊನ್ನು ತಂದು ಮೆಣಸು ತುಂಬಿಕೊಂಡು ಹೋಗುತ್ತಿದ್ದುದನ್ನು ಸಂಗಂ ಕಾಲದ ತಮಿಳು ಕವಿಗಳೇ ಹೇಳಿದ್ದಾರೆ. ವಿಯೆನ್ನಾದಲ್ಲಿರುವ ಒಂದು ಪಪೈರಸ್ ಹಾಳೆಯಲ್ಲಿ, ಎರಡನೆಯ ಶತಮಾನದಲ್ಲಿ ಮುಚಿರಿಯಿಂದ ಹೊರಟ ಹರ್ಮಪೊಲ್ಲೊನ್ ಎಂಬ ಹಡಗಿನ ಸರಕಿನ ಲೆಕ್ಕವಿದೆ. ಒಂದೇ ಹಡಗಿನದು ಸುಮಾರು 70 ಲಕ್ಷ ಸೆಸ್ಟರ್ಸ್. ಮೆಣಸು, ದಂತ, ಗಂಧತೈಲದ ವಾಸನೆ ಆ ಲೆಕ್ಕದ ಹಾಳೆಯಿಂದ ಇನ್ನೂ ಹೋಗಿಲ್ಲವೇನೋ ಎನಿಸುತ್ತದೆ.

ನಮ್ಮ ಕರ್ನಾಟಕದ ಪಾಲಿಗೆ ಆ ಕಾಲದಲ್ಲಿ ಬಂದದ್ದು ಹೆಚ್ಚಾಗಿ ಬೆಳ್ಳಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ದೀನಾರಿಯಸ್, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಆಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ಸಿಕ್ಕಿದೆ. ಬೈಬಲಿನಲ್ಲಿ ಯೇಸು ‘ಇದು ಯಾರ ಮುಖ’ ಎಂದು ಕೇಳಿದ ನಾಣ್ಯವೂ ಟೈಬೀರಿಯಸ್‌ನದೇ ಎನ್ನುತ್ತಾರೆ. ಅದೇ ಜಾತಿಯ ಬೆಳ್ಳಿ ಚಂದ್ರವಳ್ಳಿಯ ಬಂಡೆಗಳ ನಡುವೆ ಯಾರ ಕೈಯಿಂದಲೋ ಜಾರಿ ಬಿದ್ದಿತ್ತು.

ಆ ಮುಖಗಳನ್ನು ಕಂಡ ನಮ್ಮವರು ಏನೆಂದುಕೊಂಡರು? ಪ್ಲಿನಿಯೇ ಒಂದು ಕಥೆ ಹೇಳುತ್ತಾನೆ. ಕ್ಲಾಡಿಯಸ್‌ನ ಕಾಲದಲ್ಲಿ ಆನಿಯಸ್ ಪ್ಲೊಕಾಮಸ್ ಎಂಬ ಸುಂಕದ ಗುತ್ತಿಗೆದಾರನ ಬಿಡುಗಡೆಯ ಗುಲಾಮನೊಬ್ಬ ಬಿರುಗಾಳಿಗೆ ಸಿಕ್ಕಿ ಲಂಕೆಯ ದಡ ಸೇರಿದ. ಅವನ ಹತ್ತಿರವಿದ್ದ ದೀನಾರಿಯಸ್‌ಗಳನ್ನು ಅಲ್ಲಿನ ದೊರೆ ತೂಗಿಸಿ ನೋಡಿದ. ಮುಖಗಳು ಬೇರೆ ಬೇರೆ, ತೂಕ ಮಾತ್ರ ಒಂದೇ. ದೊರೆ ಬದಲಾದರೂ ಮಾತು ತಪ್ಪದ ಜನ ಎಂದು ಮೆಚ್ಚಿ ರೋಮಿಗೆ ರಾಯಭಾರಿಗಳನ್ನು ಕಳಿಸಿದನಂತೆ. ರೋಮನ್ನರ ಬಾಯಲ್ಲಿ ರೋಮನ್ನರ ಹೊಗಳಿಕೆ, ಅದಿರಲಿ. ನನಗೆ ಕುತೂಹಲ ಹುಟ್ಟಿಸಿದ್ದು, ಮುಖ ಕೆತ್ತಲು ಅಷ್ಟು ಪಾಡುಪಟ್ಟ ರೋಮನ್ನರಿಗೂ ತಕ್ಕಡಿ ಹಿಡಿದ ಈ ಓದುಗನೇ ಒಳ್ಳೆಯ ಓದುಗನಾಗಿ ಕಂಡದ್ದು.

ಪುದುಕೋಟೆಯ ಉಳಿಗೆ ವಿದ್ವಾಂಸರು ಹೇಳುವ ಕಾರಣಗಳು ಹಲವು. ಒಳಗೆ ತಾಮ್ರವಿಟ್ಟು ಮೇಲೆ ಚಿನ್ನ ಲೇಪಿಸಿದ ಖೋಟಾ ನಾಣ್ಯವೇ ಎಂದು ನೋಡಲು ಕೊಯ್ದರು ಎಂಬುದು ಒಂದು. ಇದನ್ನು ನಾನು ಒಪ್ಪಲಾರೆ. ಪರೀಕ್ಷೆಗಾದರೆ ಅಂಚಿನಲ್ಲಿ ಒಂದು ಕಚ್ಚು ಸಾಕು. ಊರಿನ ಯಾವ ಅಕ್ಕಸಾಲಿಗನೂ ಅದನ್ನೇ ಮಾಡುತ್ತಾನೆ, ಪ್ರತಿಸಲವೂ ಕೆನ್ನೆಯೇ ಯಾಕೆ? ಇದು ಇನ್ನು ಚಲಾವಣೆಯ ಹಣವಲ್ಲ, ಬರೀ ಚಿನ್ನ ಎಂದು ಸಾರಲು ಮುಖ ಕೆಡಿಸಿದರು ಎಂಬುದು ಇನ್ನೊಂದು ವಾದ. ಪರದೇಶದ ದೊರೆಯ ಮುಖಕ್ಕೆ ತನ್ನ ನೆಲದಲ್ಲಿ ಅಧಿಕಾರವಿರಬಾರದೆಂದು ಸ್ಥಳೀಯ ಅರಸನೊಬ್ಬ ಹಾಗೆ ಮಾಡಿಸಿರಬಹುದು ಎಂಬುದು ಮೂರನೆಯದು. ಈ ಎರಡರಲ್ಲಿ ಯಾವುದನ್ನು ಒಪ್ಪಿದರೂ ಒಂದು ಮಾತು ನಿಲ್ಲುತ್ತದೆ: ಉಳಿ ಹಿಡಿದವನಿಗೆ ಅದು ಬರೀ ಅಲಂಕಾರದ ಚಿತ್ರವಾಗಿರಲಿಲ್ಲ. ಲ್ಯಾಟಿನ್ ಒಂದಕ್ಷರ ಬಾರದಿದ್ದರೂ ಆ ಮುಖ ಏನು ಹೇಳುತ್ತಿದೆ ಎಂಬುದು ಅವನಿಗೆ ತಿಳಿದಿತ್ತು. ಅವನು ಉತ್ತರ ಕೊಟ್ಟ.

ಉತ್ತರದ ಕುಶಾನರು ಬೇರೆಯೇ ಉತ್ತರ ಕೊಟ್ಟರು. ಕುಜುಲ ಕಡಫೈಸಿಸ್ ತನ್ನ ತಾಮ್ರದ ನಾಣ್ಯಕ್ಕೆ ಆಗಸ್ಟಸ್‌ನಂಥದೇ ರೋಮನ್ ತಲೆಯನ್ನು ಕೆತ್ತಿಸಿ ಸುತ್ತಲೂ ತನ್ನ ಹೆಸರು ಹಾಕಿಸಿದ. ಮುಂದೆ ವಿಮ ಕಡಫೈಸಿಸ್ ಔರಿಯಸ್ ತೂಕದ ಚಿನ್ನ ಹೊರಡಿಸಿ ತನ್ನ ಮುಖವನ್ನೇ ಇಟ್ಟು, ಹಿಂಬದಿಗೆ ತ್ರಿಶೂಲ ಹಿಡಿದ ಶಿವನನ್ನು ನಿಲ್ಲಿಸಿದ. ರೋಮಿನ ಬೆಳ್ಳಿಯ ಹೆಸರು ನಮ್ಮ ಚಿನ್ನಕ್ಕೆ ಅಂಟಿಕೊಂಡಿತು. ಗುಪ್ತರ ಶಾಸನಗಳಲ್ಲಿ ಚಿನ್ನದ ನಾಣ್ಯವೆಂದರೆ ದೀನಾರ. ದಖ್ಖನಿನ ತೇರ್, ಕೊಂಡಾಪುರಗಳಲ್ಲಿ ಟೈಬೀರಿಯಸ್‌ನ ನಾಣ್ಯವನ್ನು ಹಸಿಮಣ್ಣಿಗೊತ್ತಿ ಸುಟ್ಟು ಮಾಡಿದ ಬಿಲ್ಲೆಗಳಿವೆ, ದಾರ ಪೋಣಿಸಲು ಕಿವಿಯೂ ಇದೆ. ಬಂಗಾರ ಕೊಳ್ಳಲಾಗದವರಿಗೂ ಮಣ್ಣಿನ ಟೈಬೀರಿಯಸ್ ದಕ್ಕಿದ.

ಮೂರು ಶತಮಾನ ದಾಟಿ ಬಂದರೆ ರೋಮಿನ ನಾಣ್ಯವೇ ಬದಲಾಗಿತ್ತು. ಕಾನ್‌ಸ್ಟಂಟೈನ್ ದೊರೆ ಪೌಂಡಿಗೆ 72ರ ಲೆಕ್ಕದಲ್ಲಿ ಸಾಲಿಡಸ್ ಎಂಬ ಹೊಸ ಚಿನ್ನ ತಂದ. ನಾಲ್ಕೂವರೆ ಗ್ರಾಂ, ಔರಿಯಸ್‌ಗಿಂತ ತೆಳ್ಳಗೆ, ಅಗಲ. ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಯಿತು. ಹಿಂಬದಿಯ ಕೆಳಗೆ ‘ಕಾನೊಬ್’ ಎಂಬ ಐದಕ್ಷರ ಬಂತು. ‘ಕಾನ್’ ಊರಿನ ಹೆಸರು. ‘ಒಬ್’ ಎಂದರೆ ಲ್ಯಾಟಿನ್‌ನಲ್ಲಿ ಪುಟಕ್ಕಿಟ್ಟ ಚಿನ್ನ. ಅದೇ ಎರಡಕ್ಷರವನ್ನು ಗ್ರೀಕ್ ಅಂಕಿಯಾಗಿ ಓದಿದರೆ 72. ನಮ್ಮ ಹಾಲ್‌ಮಾರ್ಕ್ ಮುದ್ರೆಗೆ ಇಷ್ಟು ಚಂದದ ಶ್ಲೇಷೆ ಸಾಧ್ಯವಾಗಿಲ್ಲ. ದೊರೆ ಈಗ ಪಕ್ಕಕ್ಕೆ ನೋಡುವುದಿಲ್ಲ. ಶಿರಸ್ತ್ರಾಣ ತೊಟ್ಟು, ಭರ್ಜಿ ಹೆಗಲಿಗಿಟ್ಟು, ನೇರ ನಮ್ಮ ಕಡೆಗೇ ನೋಡುತ್ತಾನೆ. ಹಿಂಬದಿಯಲ್ಲಿ ಹಳೆಯ ವಿಜಯದೇವಿ ರೆಕ್ಕೆ ಬಿಚ್ಚಿ ನಿಂತಿದ್ದಾಳೆ, ಕೈಯಲ್ಲಿ ಉದ್ದನೆಯ ಶಿಲುಬೆ. ದೇವಿ ಯಾವಾಗ ದೇವದೂತಳಾದಳು ಎಂದು ಬೆರಳಿಟ್ಟು ತೋರಿಸುವುದು ಕಷ್ಟ.

ಇಂಥ ಚಿನ್ನ ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕಿದೆ, ನಲವತ್ತಕ್ಕೂ ಮಿಕ್ಕಿ. ಎರಡನೆಯ ಥಿಯೊಡೋಸಿಯಸ್, ಲಿಯೊ, ಅನಸ್ತಾಸಿಯಸ್, ಮೊದಲನೆಯ ಜಸ್ಟಿನ್. ಅಂದರೆ ಐದನೆಯ ಶತಮಾನದಿಂದ ಆರನೆಯ ಶತಮಾನದ ಮೊದಲ ಭಾಗ. ಹತ್ತಿರದ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದ ಕಾಲ. ಅದೇ ಜಸ್ಟಿನ್‌ನ ಕಾಲದ ಆಸುಪಾಸಿನಲ್ಲಿ ಹಿಂದೂ ಮಹಾಸಾಗರದ ಕಡೆ ಸುತ್ತಿದ ಕಾಸ್ಮಾಸ್ ಎಂಬ ವರ್ತಕ ಹೇಳುವ ಕಥೆಯೂ ಲಂಕೆಯದೇ. ಅಲ್ಲಿನ ದೊರೆಯ ಮುಂದೆ ಸೊಪಾಟ್ರಸ್ ಎಂಬ ರೋಮನ್ನನೂ ಒಬ್ಬ ಪರ್ಷಿಯನ್ನನೂ ಯಾರ ರಾಜ ದೊಡ್ಡವನೆಂದು ಜಗಳಕ್ಕೆ ಬಿದ್ದರು. ರಾಜರಿಬ್ಬರೂ ಇಲ್ಲೇ ಇದ್ದಾರಲ್ಲ, ನೀವೇ ನೋಡಿ ಎಂದ ಸೊಪಾಟ್ರಸ್. ದೊರೆ ಇಬ್ಬರ ನಾಣ್ಯಗಳನ್ನೂ ತರಿಸಿದ. ಒಂದು ಹೊಳೆಯುವ ಸಾಲಿಡಸ್, ಇನ್ನೊಂದು ಪರ್ಷಿಯದ ಬೆಳ್ಳಿ. ತೀರ್ಪು ಚಿನ್ನದ ಕಡೆ ಬಿತ್ತು, ಸೊಪಾಟ್ರಸ್‌ನನ್ನು ಆನೆಯ ಮೇಲೆ ಕೂರಿಸಿ ನಗಾರಿ ಬಡಿಸುತ್ತ ಊರೆಲ್ಲ ಮೆರೆಸಿದರಂತೆ. ಪ್ಲಿನಿಯ ಲಂಕೆಯ ದೊರೆ ತೂಗಿದ್ದ. ಕಾಸ್ಮಾಸ್‌ನ ದೊರೆ ಕಣ್ಣಲ್ಲಿ ನೋಡಿದ.

ದಕ್ಷಿಣ ಭಾರತದಲ್ಲಿ ಸಿಕ್ಕ ಈ ಕಾಲದ ಸಾಲಿಡಸ್‌ಗಳ ಮೇಲೆ ಉಳಿಯ ಗೀರು ಅಪರೂಪ. ಹಲವಕ್ಕೆ ತೂತಿದೆ. ಸಾಮಾನ್ಯವಾಗಿ ಎರಡು ತೂತು, ಅಕ್ಕಪಕ್ಕ, ದೊರೆಯ ನೆತ್ತಿಯ ಮೇಲೆ. ಒಂದೇ ತೂತಾದರೆ ನಾಣ್ಯ ದಾರದಲ್ಲಿ ಗಿರಿಗಿರಿ ತಿರುಗುತ್ತದೆ, ಬೆನ್ನು ತೋರಿಸುತ್ತದೆ. ಎರಡಿದ್ದರೆ ಎದೆಯ ಮೇಲೆ ಅಲುಗದೆ ಕೂರುತ್ತದೆ, ಮುಖ ಸದಾ ಹೊರಗೆ. ಕೊರೆದವನು ಶಿಲುಬೆ ಹಿಡಿದ ದೇವಿಯ ಕಡೆ ನೋಡಿ ಅಳತೆ ಮಾಡಲಿಲ್ಲ. ಶಿರಸ್ತ್ರಾಣದ ಆ ಯೋಧ ತಲೆಕೆಳಗಾಗಬಾರದು, ಓರೆಯಾಗಬಾರದು ಎಂದು ನೋಡಿಕೊಂಡ. ಐನೂರು ವರ್ಷದ ಹಿಂದೆ ಕೆನ್ನೆ ಸೀಳಿಸಿಕೊಂಡ ಮುಖ ಈಗ ಯಾರದೋ ಕೊರಳಲ್ಲಿ ನೆಟ್ಟಗೆ ತೂಗಿತು. ಅಸಲಿ ನಾಣ್ಯ ಸಿಕ್ಕದವರು ಅದನ್ನು ನೋಡಿಕೊಂಡು ತಾವೇ ಬಡಿದರು. ಅಂಥ ನಕಲುಗಳಲ್ಲಿ ಮುಖ ಸುಮಾರಾಗಿ ಸರಿಯಿದ್ದು ಲ್ಯಾಟಿನ್ ಅಕ್ಷರಗಳೆಲ್ಲ ಬರೀ ಕಡ್ಡಿ, ಸುಳಿ, ಚುಕ್ಕೆ.

ಈ ಕಡ್ಡಿ-ಸುಳಿಗಳನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ, ಗೊತ್ತಿರಲಿಲ್ಲ ಅಷ್ಟೇ. ಸಾಲಿಡಸ್‌ನ ವಂಶ ದೊಡ್ಡದು. 692ರ ಹೊತ್ತಿಗೆ ಎರಡನೆಯ ಜಸ್ಟಿನಿಯನ್ ತಾನು ಹಿಂಬದಿಗೆ ಸರಿದು ಮುಂಬದಿಗೆ ಕ್ರಿಸ್ತನನ್ನೇ ತಂದ. ಕೆಲವೇ ವರ್ಷದಲ್ಲಿ ದಮಾಸ್ಕಸ್‌ನ ಖಲೀಫ ಅಬ್ದುಲ್ ಮಲಿಕ್ ಮುಖಗಳನ್ನೆಲ್ಲ ತೆಗೆದುಹಾಕಿ ಬರೀ ಅಕ್ಷರದ ದಿನಾರ್ ಹೊರಡಿಸಿದ. 1284ರಲ್ಲಿ ವೆನಿಸ್ ನಗರ ಡಕೆಟ್ ಎಂಬ ಚಿನ್ನ ತಂದಿತು: ಒಂದು ಬದಿ ಸಂತ ಮಾರ್ಕನ ಮುಂದೆ ಮಂಡಿಯೂರಿ ಧ್ವಜದ ಕೋಲು ಹಿಡಿದ ನಗರಾಧಿಪತಿ, ಇನ್ನೊಂದು ಬದಿ ಬಾದಾಮಿಯಾಕಾರದ ಚೌಕಟ್ಟಿನಲ್ಲಿ ನಕ್ಷತ್ರಗಳ ನಡುವೆ ಕ್ರಿಸ್ತ. ಇದು ಮಲಬಾರಿಗೆ ಬಂದಾಗ ಜನ ಧ್ವಜದ ಕೋಲನ್ನು ತಾಳೆಮರವೆಂದು ಓದಿ, ಮರ ಏರುವವನ ಕಾಸು ಎಂಬರ್ಥದ ಹೆಸರಿಟ್ಟರು. ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕದ ಕಡೆ ಬೊಂಬೆ ಇರುವ ನಾಣ್ಯವೆಂದು ಪುತಳಿ ಎಂದರು. ಪುತಳಿ ಸರ ಅಲ್ಲಿಂದ ಬಂತು.

ನಮ್ಮ ಅಜ್ಜಿಯ ಕೊರಳಲ್ಲಿ ಅದಿತ್ತು. ಅಸಲಿ ಡಕೆಟ್ ಅಲ್ಲ, ಅದನ್ನು ನೋಡಿ ಊರ ಪತ್ತಾರ ಬಡಿದ ತೆಳು ಬಿಲ್ಲೆಗಳು. ಮಡಿಲಲ್ಲಿ ಮಲಗಿ ಅವನ್ನು ಉಗುರಿನಿಂದ ಕೆರೆಯುವುದು ನನ್ನ ಚಟ. ಮೊಟ್ಟೆಯಂಥ ಸುತ್ತಿನೊಳಗೆ ಒಬ್ಬ ಉದ್ದನೆಯ ಮನುಷ್ಯ, ಸುತ್ತ ಚುಕ್ಕೆಗಳು, ಆಚೆ ಕಡ್ಡಿ-ಸುಳಿ.

“ಅಜ್ಜೀ, ಇದು ಯಾವ ದೇವ್ರು?”

“ಯಾವ ದೇವ್ರೋ ಏನೋ ಯಪ್ಪಾ. ಬಂಗಾರದಾಗ ನಿಂತಾನಂದ್ರ ದೊಡ್ಡಾವನ ಇರಬೇಕ ತಗೋ.”

ಸರವನ್ನು ಆಮೇಲೆ ಚಿಕ್ಕಮ್ಮನ ಮದುವೆಯಲ್ಲಿ ಕರಗಿಸಿ ಬಳೆ ಮಾಡಿಸಿದರು. ಒಂದು ಬಿಲ್ಲೆ ಅದು ಹೇಗೋ ಉಳಿದು ಅರಿಶಿನದ ಡಬ್ಬಿ ಸೇರಿತ್ತು. ಈಗ ನನ್ನ ಮೇಜಿನ ಮೇಲಿದೆ. ಮೂಗು ಕಣ್ಣು ಎಲ್ಲ ಸವೆದಿದೆ. ಕೊಂಡಿ ಮಾತ್ರ ಗಟ್ಟಿಯಾಗಿದೆ, ಸರಿಯಾಗಿ ಅವನ ನೆತ್ತಿಯ ಮೇಲೆ ಬೆಸೆದದ್ದು.